ಹಾಸಿಗೆ ಪಕ್ಕದ ಸ್ಟೂಲು

ಹೋದ ತಿಂಗಳು ಇದೇ ಅಂಕಣದಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ. ನಡುವೆ ಒಂದು ಮಾತು ಬಂತು. ಕೊನೆಗಾಲದಲ್ಲಿ ಇರುವವರ ಪಕ್ಕ ವಾರಕ್ಕೆ ಎರಡು ಮಧ್ಯಾಹ್ನ ಹೋಗಿ ಕೂರುತ್ತೇನೆ ಅಂತ. ಎರಡೇ ಸಾಲು. ಅದಕ್ಕೆ ಬಂದ ಪತ್ರಗಳು ಒಂದು ಕೈಚೀಲ ತುಂಬಿವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವೇ ಜಾಸ್ತಿ. ಹಾಗಾಗಿ ಈ ಸಲ ಅತ್ತೆ-ಸೊಸೆ ಜಗಳಕ್ಕೆ ರಜೆ.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿಕೊಡುತ್ತಿದ್ದವಳು. ಮೂರು ನಿಮಿಷ ಆದ ಕೂಡಲೇ ನಡುವೆ ಬಾಯಿ ಹಾಕಿ ‘ಟೈಮ್ ಆಯಿತು’ ಅನ್ನಬೇಕಿತ್ತು. ಸಾವಿನ ಸುದ್ದಿ ಹೇಳುವ ಕಾಲ್ ಆದರೆ ನನ್ನ ಗಡಿಯಾರ ಸ್ವಲ್ಪ ನಿಧಾನ ಓಡುತ್ತಿತ್ತು. ಮೇಲಿನವರಿಗೆ ಗೊತ್ತಿತ್ತೋ ಇಲ್ಲವೋ. ಈಗ ಪೆನ್ಷನ್ ಬರುತ್ತಿದೆ, ಹೇಳಿದರೆ ತೊಂದರೆಯಿಲ್ಲ.

ಪ್ರಶ್ನೆ: ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಇನ್ನು ಮನೆಯಲ್ಲೇ ಇರಲಿ, ನೋವಿಗೆ ಮಾತ್ರೆ ಕೊಡುತ್ತೇವೆ ಎಂದಿದ್ದಾರೆ. ಡ್ರೆಸ್ಸಿಂಗ್, ಔಷಧ ನೋಡಿಕೊಳ್ಳಲು ಒಬ್ಬ ಸಿಸ್ಟರ್ ಬಂದು ಹೋಗುತ್ತಾರೆ. ನಮ್ಮ ಓಣಿಯ ನಿವೃತ್ತ ಮಾಸ್ತರರು ‘ದಿನಾ ಎರಡು ತಾಸು ನಾನು ಪಕ್ಕ ಕೂರುತ್ತೇನೆ’ ಅನ್ನುತ್ತಾರೆ. ಅಣ್ಣನಿಗೆ ಇಷ್ಟವಿಲ್ಲ. ‘ಸುಮ್ನೆ ಕೂರಲಿಕ್ಕೆ ಹೊರಗಿನವರು ಯಾಕೆ?’ ಅನ್ನುತ್ತಾನೆ. ಏನು ಮಾಡಲಿ? (ಓದುಗರು, ಗದಗ-ಬೆಟಗೇರಿ)

ತಂಗಿ, ಮೊದಲು ಅಪ್ಪನನ್ನು ಕೇಳಿದಿರಾ? ನಿಮ್ಮ ಪತ್ರ ಎರಡು ಪುಟ ಇದೆ. ಅಣ್ಣ ಏನಂದ, ಅತ್ತಿಗೆ ಏನಂದಳು, ಎದುರುಮನೆಯವರು ಏನಂದರು, ಎಲ್ಲಾ ಇದೆ. ಅಪ್ಪ ಏನಂದರು ಅನ್ನುವುದೊಂದೇ ಇಲ್ಲ. ಅವರಿಗೆ ಬೇಕಿದ್ದರೆ ಮಾಸ್ತರರು ಬರಲಿ. ಬೇಡವಾದರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಅಣ್ಣನ ಪ್ರಶ್ನೆ. ಒರಟಾಗಿದ್ದರೂ ಕೇಳಬೇಕಾದ ಪ್ರಶ್ನೆಯೇ. ಮೊದಲ ಸಲ ಹೋದಾಗ ನಾನೂ ಇದನ್ನೇ ಕೇಳಿಕೊಂಡಿದ್ದೆ. ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಅಜ್ಜಿ, ಗರ್ಭಕೋಶದ ಕ್ಯಾನ್ಸರ್. ಸುಮ್ಮನೆ ಕೂರಲು ಮುಜುಗರವಾಗಿ ನಾನು ಒಂದೇ ಸಮನೆ ಮಾತಾಡಿದೆ. ಮಳೆ, ಉಳ್ಳಾಗಡ್ಡಿ ರೇಟು, ಚಿಗರಿ ಬಸ್ಸಿನ ಗದ್ದಲ, ಬಾಯಿಗೆ ಬಂದದ್ದೆಲ್ಲಾ. ಅರ್ಧ ತಾಸಿನ ಮೇಲೆ ಅಜ್ಜಿ ಕಣ್ಣು ತೆರೆಯದೆ ಹೇಳಿದರು, “ಯವ್ವಾ, ನೀ ಭಾಳ ಮಾತಾಡ್ತಿ. ಕೈ ಹಿಡ್ಕೊಂಡು ಸುಮ್ನ ಕೂಡ್ರು.”

ಕೂತೆ. ಆ ಕೂರುವುದರಲ್ಲಿ ಏನಿದೆ ಅಂತ ನಿಧಾನಕ್ಕೆ ತಿಳಿಯಿತು. ಆ ಮನೆಯ ಸೊಸೆ ಮೂರು ತಿಂಗಳಿಂದ ಸರಿಯಾಗಿ ಮಲಗಿರಲಿಲ್ಲ. ನಾನು ಹೋದ ಎರಡು ತಾಸು ಒಳಕೋಣೆಯಲ್ಲಿ ಮಲಗಿಬಿಡುತ್ತಿದ್ದಳು. ಎದ್ದು ಬಂದು, ಮುಖ ತೊಳೆದು, ಅತ್ತೆಯ ತಲೆ ಬಾಚುತ್ತಾ ಕೂರುತ್ತಿದ್ದಳು. ಅದುವರೆಗೆ ಅದಕ್ಕೆ ಪುರುಸೊತ್ತೇ ಇರಲಿಲ್ಲ. ಮಾತ್ರೆ, ಬಟ್ಟೆ, ಬೆಡ್‌ಪ್ಯಾನ್, ಮತ್ತೆ ಮಾತ್ರೆ. ಸೊಸೆಯಾಗಿದ್ದವಳು ಆಯಾ ಆಗಿಹೋಗಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದರಿಂದ ಅವಳ ಕೈಗೆ ಬಾಚಣಿಗೆ ಬಂತು. ಅಷ್ಟೇ ನಾನು ಮಾಡಿದ್ದು.

ಇನ್ನೊಂದು ಇದೆ. ಮನೆಯವರ ಮುಂದೆ ಬಾರದ ಮಾತು ಹೊರಗಿನವರ ಮುಂದೆ ಬರುತ್ತದೆ. ಧಾರವಾಡದಲ್ಲಿ ಒಬ್ಬ ಟೇಲರ್ ಇದ್ದರು. ನೋವಿನ ಮಾತ್ರೆ ಸರಿಯಾಗಿಯೇ ಹೋಗುತ್ತಿತ್ತು, ಆದರೂ ರಾತ್ರಿಯೆಲ್ಲಾ ನರಳಾಟ. ನಾಲ್ಕನೇ ದಿನ ಬಾಯಿ ಬಿಟ್ಟರು. ಕತ್ತರಿಸಿ ಹೊಲಿಯದೆ ಬಿಟ್ಟ ಮೂರು ಮಂದಿಯ ಬಟ್ಟೆ ಅಂಗಡಿಯಲ್ಲಿ ಉಳಿದಿತ್ತು. “ಅಡ್ವಾನ್ಸ್ ತಗೊಂಡೀನ್ರಿ ಅಕ್ಕಾರ.” ಮಗನಿಗೆ ಹೇಳಿದರೆ ‘ಈಗ ಅದೆಲ್ಲಾ ಯಾಕಪ್ಪಾ’ ಅನ್ನುತ್ತಿದ್ದನಂತೆ. ನಾನು ಒಂದು ಹಾಳೆಯಲ್ಲಿ ಮೂರೂ ಹೆಸರು ಬರೆದುಕೊಂಡು, ಅವರನ್ನು ಕೇಳಿಯೇ ಮಗನ ಕೈಗೆ ಕೊಟ್ಟೆ. ಅವನು ಬಟ್ಟೆ, ದುಡ್ಡು ಎರಡನ್ನೂ ಮುಟ್ಟಿಸಿ ಬಂದ. ಆ ರಾತ್ರಿ ಅವರು ಮಲಗಿದರು. ಮಾತ್ರೆ ಅದೇ, ಡೋಸೂ ಅದೇ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದವರನ್ನು ನೋಡಿಕೊಳ್ಳುವ ಜಾಗ) ಶುರು ಮಾಡಿದ ಡಾಕ್ಟರ್ ಸಿಸಿಲಿ ಸಾಂಡರ್ಸ್ ಇಂಥದ್ದಕ್ಕೆ ‘ಒಟ್ಟು ನೋವು’ ಅಂತ ಹೆಸರು ಕೊಟ್ಟಿದ್ದರು. ಮೈನೋವು, ಮನಸ್ಸಿನ ನೋವು, ಮನೆಯ ಚಿಂತೆ, ದೇವರ ಮೇಲಿನ ಸಿಟ್ಟು, ಎಲ್ಲಾ ಸೇರಿ ಒಂದೇ ಗಂಟು. ಆಕೆ ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. ಸ್ಟೂಲಿನ ಮೇಲೂ ಕೂತು ಬಂದವರು ಅಂತ ನನ್ನ ಲೆಕ್ಕ.

ಮಾಸ್ತರರು ಬರುವುದಾದರೆ ಮೊದಲ ದಿನವೇ ಕೆಲವು ಮಾತು ಖಡಕ್ಕಾಗಿ ಹೇಳಿ. ಮಾತ್ರೆ ಕೊಡುವುದು ಅವರ ಕೆಲಸ ಅಲ್ಲ. ಪೈಪು, ಸೂಜಿ, ಡ್ರೆಸ್ಸಿಂಗ್ ಸಿಸ್ಟರ್ ಪಾಲಿಗೆ. ‘ನಮ್ಮ ಕಡೆ ಒಬ್ಬ ನಾಟಿ ವೈದ್ಯ ಇದ್ದಾನೆ’ ಅನ್ನುವ ಮಾತು ಬೇಡ. ಆಸ್ತಿ, ಸಹಿ, ಹೆಬ್ಬೆಟ್ಟಿನ ಹತ್ತಿರವೂ ಸುಳಿಯಬಾರದು. ಅಪ್ಪ ಹೇಳಿದ ಮಾತು ಓಣಿಗೆ ಹೋಗಬಾರದು. ಆ ಎರಡು ತಾಸು ಅಪ್ಪನ ದೇವರೇ ಅವರಿಗೂ ದೇವರು, ಅಪ್ಪನಿಗೆ ದೇವರು ಬೇಡವಾದರೆ ಅವರಿಗೂ ಬೇಡ. ನೋವು ಏರಿದರೆ, ಉಸಿರು ಕಟ್ಟಿದರೆ, ರಕ್ತ ಕಂಡರೆ ನಿಮ್ಮನ್ನು ಎಬ್ಬಿಸಬೇಕು, ಸಿಸ್ಟರ್‌ಗೆ ಫೋನ್ ಮಾಡಬೇಕು. ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಅಣ್ಣನಿಗೆ ‘ನಾಲ್ಕು ದಿನ ನೋಡೋಣ’ ಅನ್ನಿ. ಆ ನಾಲ್ಕು ದಿನ ನೀವು ಮಲಗಿ. ನಿಮಗೆ ನಿದ್ದೆ ಇಲ್ಲ ಅಂತ ಪತ್ರದ ಅಕ್ಷರವೇ ಹೇಳುತ್ತಿದೆ.

ಪ್ರಶ್ನೆ: ಅಜ್ಜಿಗೆ 88. ವಾರದಿಂದ ಏನೂ ಉಣ್ಣುತ್ತಿಲ್ಲ, ಬರೀ ನಿದ್ದೆ. ಡಾಕ್ಟರ್ ಬಂದು ನೋಡಿ, ಇನ್ನು ಕೆಲವೇ ದಿನ, ಒತ್ತಾಯ ಮಾಡಬೇಡಿ ಎಂದರು. ಬೀಗರು ಮಾತ್ರ ‘ಉಪವಾಸ ಕೆಡವಿ ಕೊಲ್ತೀರೇನು’ ಎಂದು ಬೈಯುತ್ತಿದ್ದಾರೆ. (ಓದುಗರು, ಬ್ಯಾಡಗಿ)

ಇದಕ್ಕೆ ಉತ್ತರ ಬರೆಯುವ ಮುಂಚೆ ನನ್ನ ತಪ್ಪು ಹೇಳಬೇಕು. ನಮ್ಮ ಮನೆಯವರು ಕೊನೆಯ ವಾರದಲ್ಲಿದ್ದಾಗ ಅವರೂ ಹೀಗೇ ಊಟ ಬಿಟ್ಟಿದ್ದರು. ನಾನು ಬಿಡಲಿಲ್ಲ. ಅರೆನಿದ್ದೆಯಲ್ಲಿದ್ದವರ ಬಾಯಿಗೆ ಒಂದು ಚಮಚ ಅಂಬಲಿ ಹಾಕಿದೆ. ಅದು ಗಂಟಲಿಗೆ ಹೋಗದೆ ಶ್ವಾಸನಾಳಕ್ಕೆ ಹೋಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿತು. ಒಂದು ತಾಸು ಒದ್ದಾಡಿದರು. ಆಗ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಪ್ರೀತಿಯಿಂದ ಕೊಟ್ಟೆ ಅಂದುಕೊಂಡಿದ್ದೆ. ಬರೀ ಹಟ ಅದು.

ಕೊನೆಯ ದಿನಗಳಲ್ಲಿ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಹೊಟ್ಟೆ, ಕರುಳು ಮೊದಲೇ ನಿಧಾನ ಆಗುತ್ತವೆ. ಹಸಿವು ತಾನಾಗಿ ಹೋಗುತ್ತದೆ. ಉಣ್ಣದೆ ಇರುವುದರಿಂದ ಅಜ್ಜಿ ಹೋಗುತ್ತಿಲ್ಲ. ಹೋಗುವ ಹೊತ್ತು ಬಂದಿದೆ, ಅದಕ್ಕೇ ಉಣ್ಣುತ್ತಿಲ್ಲ. ಬೀಗರಿಗೆ ಹೀಗೆ ಹೇಳಿ ನೋಡಿ. ಡಾಕ್ಟರ್ ಬಾಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು.

ಆದರೆ ಬಾಯಿ ಒಣಗುತ್ತದೆ, ಅದು ಹಿಂಸೆ. ಮೆತ್ತನೆ ಹತ್ತಿ ಬಟ್ಟೆ ಒಗೆದು ಇಟ್ಟುಕೊಳ್ಳಿ. ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ಒಸಡು, ನಾಲಿಗೆ ಒರೆಸಿ. ತಾಸಿಗೆ ಒಮ್ಮೆಯಾದರೂ. ತುಟಿಗೆ ಬೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಿ. ಆಕ್ಸಿಜನ್ ಹಚ್ಚಿದ್ದರೆ ಮಾತ್ರ ಎಣ್ಣೆ, ವ್ಯಾಸಲಿನ್ ಬೇಡ. ಎಚ್ಚರವಿದ್ದು ತಾವಾಗಿ ಕೇಳಿದರೆ ತಲೆ ಎತ್ತಿ ಹಿಡಿದು ಗುಟುಕು ಕೊಡಿ. ಈ ಬಟ್ಟೆಯ ಕೆಲಸವನ್ನು ಬೀಗರಿಗೇ ವಹಿಸಿ. ಬೈಯುವವರ ಕೈಗೆ ಕೆಲಸ ಬಂದರೆ ಬಾಯಿ ಕಡಿಮೆಯಾಗುತ್ತದೆ, ನಾನು ನೋಡಿದ್ದೇನೆ.

ಮುಂದೆ ಇನ್ನೂ ಕೆಲವು ಕಾಣಬಹುದು, ಹೆದರಬೇಡಿ. ಕೈಕಾಲು ತಣ್ಣಗಾಗುತ್ತವೆ. ಉಸಿರು ನಡುವೆ ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವ ನಮಗೆ ಅದು ಭಯ, ಅವರಿಗೆ ಅಷ್ಟು ಬಾಧೆ ಇರುವುದಿಲ್ಲ ಅನ್ನುತ್ತಾರೆ ತಿಳಿದವರು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಕಡಿಮೆಯಾಗುತ್ತದೆ. ಟೇಬಲ್ ಫ್ಯಾನಿನ ಗಾಳಿ ಮುಖಕ್ಕೆ ಸಣ್ಣಗೆ ಬೀಸುತ್ತಿರಲಿ, ಉಸಿರಾಟದ ಕಷ್ಟ ಸ್ವಲ್ಪ ಇಳಿಯುತ್ತದೆ. ನಿಮ್ಮೂರಲ್ಲಿ ಮೆಣಸಿನಕಾಯಿ ಸೀಜನ್ ಇದ್ದರೆ ರಸ್ತೆ ಕಡೆಯ ಕಿಟಕಿ ಮುಚ್ಚಿ. ಆ ಘಾಟಿಗೆ ಗಟ್ಟಿಮುಟ್ಟಾದವರೇ ಕೆಮ್ಮುತ್ತಾರೆ.

ಪ್ರಶ್ನೆ: ಅಪ್ಪ ನಿವೃತ್ತ ಪ್ರೊಫೆಸರ್. ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಆಗಿದೆ. ಅವರಿಗೆ ನಾವು ‘ಅಲ್ಸರ್’ ಎಂದಷ್ಟೇ ಹೇಳಿದ್ದೇವೆ. ಪಕ್ಕ ಕೂರಲು ಬರುವ ಪರಿಚಯದ ಹೆಂಗಸಿಗೂ ಹಾಗೇ ಹೇಳಿ ಎಂದರೆ ಒಪ್ಪುತ್ತಿಲ್ಲ. (ಓದುಗರು, ಸಪ್ತಾಪುರ, ಧಾರವಾಡ)

ಆಸ್ಪತ್ರೆಯ ಹೊರಗೆ ದೊಡ್ಡ ಬೋರ್ಡ್ ಇರುತ್ತದೆ. ಪ್ರೊಫೆಸರ್‌ಗೆ ಓದಲು ಬರುತ್ತದೆ ಅಲ್ವಾ?

ಆ ಹೆಂಗಸು ಒಪ್ಪದೆ ಇದ್ದದ್ದು ಸರಿ. ಪಕ್ಕ ಕೂರುವವರು ಕಾಯಿಲೆಯ ಸುದ್ದಿ ತಾವಾಗಿ ಒಡೆಯಬಾರದು, ಅದು ಡಾಕ್ಟರ್ ಮತ್ತು ಮನೆಯವರ ಕೆಲಸ. ಸುಳ್ಳನ್ನೂ ಹೇಳಬಾರದು. ‘ನನಗೇನಾಗಿದೆ?’ ಅಂತ ಯಾರಾದರೂ ಕೇಳಿದರೆ ನಾನು ‘ನಿಮಗೆ ಏನನ್ನಿಸುತ್ತದೆ?’ ಅಂತ ಕೇಳುತ್ತೇನೆ. ಕುಂದಗೋಳ ಕಡೆಯ ರೈತರೊಬ್ಬರು ನಕ್ಕುಬಿಟ್ಟರು. “ನನಗ ಎಲ್ಲಾ ಗೊತ್ತೈತ್ರಿ. ಮನಿಯವರ ಮುಂದ ಹೇಳಬ್ಯಾಡ್ರಿ, ಹೆದರ್ತಾರ” ಅಂದರು. ಅಡುಗೆಮನೆಯಲ್ಲಿ ಹೆಂಡತಿ ನನ್ನ ಕೈ ಹಿಡಿದು ಇದೇ ಮಾತು ಹೇಳಿದ್ದಳು, ಹತ್ತು ನಿಮಿಷದ ಹಿಂದೆ. ಗೋಡೆಯ ಆಚೆ ಈಚೆ ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಡುತ್ತಿದ್ದರು. ಎಕ್ಸ್‌ಚೇಂಜ್ ಆಗಿದ್ದರೆ ಲೈನ್ ಜೋಡಿಸಿಬಿಡುತ್ತಿದ್ದೆ. ಇಲ್ಲಿ ಹಾಗೆ ಮಾಡುವಂತಿಲ್ಲ. ‘ನೀವೇ ಒಮ್ಮೆ ಮಾತಾಡಿ ನೋಡಿ’ ಅಂತ ಇಬ್ಬರಿಗೂ ಬೇರೆ ಬೇರೆ ಹೇಳಿದೆ. ಮಾತಾಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಿಮ್ಮ ಡಾಕ್ಟರ್‌ಗೆ ಒಂದು ಮಾತು ಹೇಳಿ. ‘ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳಿಯಲು ಇಷ್ಟ?’ ಅಂತ ಅವರು ಅಪ್ಪನನ್ನೇ ಕೇಳಲಿ. ತಿಳಿಯುವುದು ಬೇಡ ಅನ್ನುವವರೂ ಇರುತ್ತಾರೆ. ಆದರೆ ಹಾಗನ್ನಬೇಕಾದವರು ಅವರು, ನೀವಲ್ಲ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಪತ್ನಿ ತೀರಿಕೊಂಡು ಐದು ತಿಂಗಳು. ನಾನೂ ಈ ಕೆಲಸ ಮಾಡಬಹುದೇ? ವಿದೇಶದಲ್ಲಿ ‘ಡೆತ್ ಡೂಲಾ’ ಅಂತ ಇದ್ದಾರಂತೆ. ಎಲ್ಲಿ ಕಲಿಯಬೇಕು? ದುಡ್ಡು ತೆಗೆದುಕೊಳ್ಳಬಹುದೇ? (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಮಾಡಬಹುದು ಸರ್. ಈಗಲೇ ಬೇಡ. ಐದು ತಿಂಗಳಿಗೆ ಬೇರೆಯವರ ಹಾಸಿಗೆ ಪಕ್ಕ ಕೂತರೆ ನಿಮಗೆ ಕಾಣುವುದು ನಿಮ್ಮ ಮನೆಯ ಹಾಸಿಗೆಯೇ. ಕಡಿಮೆ ಅಂದರೂ ಒಂದು ವರ್ಷ ಹೋಗಲಿ. ರಾತ್ರಿ ನಿದ್ದೆ ಬಾರದೆ ತೀರಾ ಕಷ್ಟವಾದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಡೂಲಾ ಅನ್ನುವುದು ಗ್ರೀಕ್ ಮಾತು, ಸೇವೆ ಮಾಡುವ ಹೆಂಗಸು ಅಂತ ಅರ್ಥ. ಮೊದಲು ಬಾಣಂತಿಯ ಜೊತೆ ಇರುವವಳಿಗೆ ಆ ಹೆಸರು ಬಂತು. ಆಮೇಲೆ ಸಾಯುವವರ ಜೊತೆ ಕೂರುವವರಿಗೂ ಅದೇ ಹೆಸರು. ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಊರಿನಲ್ಲಿ ಸಾಂಡ್ರಾ ಕ್ಲಾರ್ಕ್ ಎಂಬ ನರ್ಸ್ ಇದ್ದರು. ಒಂದು ರಾತ್ರಿ ಮುದುಕರೊಬ್ಬರು ‘ಸ್ವಲ್ಪ ಹೊತ್ತು ಪಕ್ಕ ಕೂರುತ್ತೀಯಾ?’ ಅಂದರು. ಬೇರೆ ರೋಗಿಗಳನ್ನು ನೋಡಿ ಬರುತ್ತೇನೆ ಅಂತ ಹೋದರು. ಬರುವಷ್ಟರಲ್ಲಿ ಮುದುಕರು ಒಬ್ಬರೇ ಹೋಗಿಬಿಟ್ಟಿದ್ದರು. ಅದು ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. 2001ರಲ್ಲಿ ಆ ಆಸ್ಪತ್ರೆಯಲ್ಲಿ ಒಂದು ಏರ್ಪಾಟು ಮಾಡಿದರು. ಯಾರೂ ಇಲ್ಲದವರ ಪಕ್ಕ ಸ್ವಯಂಸೇವಕರು ಪಾಳಿಯ ಮೇಲೆ ಕೂರುವುದು.

ದೂರ ಯಾಕೆ, ಪಕ್ಕದ ಕೇರಳ ನೋಡಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ಡಾಕ್ಟರುಗಳು ನೋವು ನಿವಾರಣೆಯ ಸಣ್ಣ ಕ್ಲಿನಿಕ್ ಶುರು ಮಾಡಿದರು. ಆಮೇಲೆ ಅದು ಓಣಿ ಓಣಿಯ ಮಂದಿಯ ಕೆಲಸವಾಯಿತು. ಅಂಗಡಿಯವರು, ಆಟೋದವರು, ಕಾಲೇಜು ಹುಡುಗರು ತರಬೇತಿ ಪಡೆದು ಮನೆ ಮನೆಗೆ ಹೋಗುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆ ನೀತಿಯನ್ನೇ ತಂದಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ.

ನಮ್ಮಲ್ಲಿ ಹೆರಿಗೆ ಮಾಡಿಸುವವಳಿಗೆ ಸೂಲಗಿತ್ತಿ ಅನ್ನುವ ಹೆಸರಿದೆ. 2018ರಲ್ಲಿ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀಯೂ ಬಂತು. ಸಾಯುವವರ ಪಕ್ಕ ಕೂರುವವರಿಗೆ ಮಾತ್ರ ಹೆಸರಿಲ್ಲ. ಬೇಕಾಗಿರಲಿಲ್ಲ ಅಂತ ಕಾಣುತ್ತದೆ. ಯಾರಾದರೂ ಕೂತೇ ಇರುತ್ತಿದ್ದರು. ಓಣಿಯ ಮುದುಕಿ, ಮಠದ ಅಯ್ಯನವರು, ಗೆಳೆಯ, ಭಜನೆಯವರು. ಈಗ ಮಕ್ಕಳು ಬೆಂಗಳೂರು, ಪುಣೆಯಲ್ಲಿ. ಅಪಾರ್ಟ್‌ಮೆಂಟಿನ ಬಾಗಿಲು ಮುಚ್ಚಿರುತ್ತದೆ.

ಕಲಿಯಲು ಒಂದೇ ದಾರಿ ನನಗೆ ಗೊತ್ತು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ನರಳಾಟ ಕಡಿಮೆ ಮಾಡುವ ಆರೈಕೆಯ ವಿಭಾಗ ಇದೆಯಾ ಕೇಳಿ. ಇದ್ದರೆ ಅಲ್ಲಿನ ಸಿಸ್ಟರ್ ಹಿಂದೆ ಒಂದು ತಿಂಗಳು ತಿರುಗಿ. ಹಾಸಿಗೆ ಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಯಾವಾಗ ಮಾಸ್ಕ್ ಹಾಕಬೇಕು, ಯಾವಾಗ ಎದ್ದು ಹೊರಗೆ ಹೋಗಬೇಕು, ಇಷ್ಟು ಬಂದರೆ ಸಾಕು. ಎಷ್ಟು ಮಂದಿಯ ಪಕ್ಕ ಕೂತೆ ಅಂತ ಲೆಕ್ಕ ಇಡಬೇಡಿ. ಬ್ಯಾಂಕಿನವರಿಗೆ ಇದು ಕಷ್ಟ. ನಾನು ಹನ್ನೊಂದರವರೆಗೆ ಎಣಿಸಿ ಬಿಟ್ಟೆ.

ದುಡ್ಡು ನಾನು ತಗೊಳ್ಳುವುದಿಲ್ಲ, ಪೆನ್ಷನ್ ಇದೆ. ಹಾಗಂತ ಇಡೀ ರಾತ್ರಿ ಎದ್ದಿರುವ ಆಯಾಗೆ ಯಾರೂ ಸೇವೆಯ ಪಾಠ ಹೇಳಬಾರದು. ಅವಳ ಕೂಲಿ ಪೂರ್ತಿ ಕೊಡಬೇಕು, ದಿನ ತಪ್ಪದೆ ಕೊಡಬೇಕು.

ಪ್ರಶ್ನೆ: ಮುಂದೆ ನನಗೆ ವೆಂಟಿಲೇಟರ್ ಬೇಡ ಎಂದು ಈಗಲೇ ಬರೆದಿಡಬಹುದೇ? (ಓದುಗರು, ರಾಣೆಬೆನ್ನೂರು)

ಬರೆದಿಡಬಹುದು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲು ಮ್ಯಾಜಿಸ್ಟ್ರೇಟ್ ತನಕ ಹೋಗಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಆ ಹೊತ್ತು ಬಂದಾಗ ಆಸ್ಪತ್ರೆಯಲ್ಲಿ ಡಾಕ್ಟರುಗಳ ಎರಡು ಮಂಡಳಿಗಳು ನೋಡಿ ತೀರ್ಮಾನಿಸುತ್ತವೆ. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿ ಕೊನೆಗೆ ಇದರ ಬಗ್ಗೆ ಆದೇಶ ಹೊರಡಿಸಿದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ಬರೆದದ್ದನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಬಚ್ಚಿಡಬೇಡಿ. ಮನೆಯವರಿಗೂ ನಿಮ್ಮ ಡಾಕ್ಟರ್‌ಗೂ ಒಂದೊಂದು ಪ್ರತಿ ಕೊಡಿ.

ಪ್ರಶ್ನೆ: ಪಕ್ಕದ ಮನೆಯ ಅಜ್ಜನ ಹತ್ತಿರ ಕೂತು ಬರುತ್ತೇನೆ. ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ, ಮೈಲಿಗೆ ಅನ್ನುತ್ತಾರೆ ನಮ್ಮವರು. (ಓದುಗರು, ಶಿಗ್ಗಾವಿ)

ಸೋಪು ಹಚ್ಚಿ ಕೈ ತೊಳೆದು ಒಳಗೆ ಹೋಗಿ. ಸ್ನಾನ ಮಾಡುವುದಾದರೂ ಮಾಡಿ, ಈ ಸೆಕೆಗೆ ಒಳ್ಳೆಯದೇ. ಕ್ಯಾನ್ಸರ್, ಮುಪ್ಪು ಅಂಟುವುದಿಲ್ಲ. ಅಜ್ಜನಿಗೆ ಟಿಬಿ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೋಗಬೇಡಿ.

ಪ್ರಶ್ನೆ: ಹದಿನೆಂಟು ದಿನ ಆಸ್ಪತ್ರೆಯಲ್ಲಿ ನಮ್ಮ ಯಜಮಾನರ ಪಕ್ಕ ಬಿಟ್ಟು ಏಳಲಿಲ್ಲ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಚಹಾ ಕುಡಿಯಲು ಕ್ಯಾಂಟೀನಿಗೆ ಹೋದೆ. ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಪಕ್ಕದ ಬೆಡ್ಡಿನವರ ಕಡೆಯ ಒಬ್ಬಳು ಅವರ ಕೈ ಹಿಡಿದು ಕೂತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಈಗಲೂ ಇದೆ. ಇದು ತಪ್ಪಾ? (ಓದುಗರು, ನವಲಗುಂದ)

ತಪ್ಪಲ್ಲ. ಅಷ್ಟು ದಿನ ನೀವು ಕಾದ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು, ಸಿಟ್ಟು ಬರುವುದೇ. ನನ್ನ ಮೇಲೂ ಒಬ್ಬ ಹುಡುಗಿಗೆ ಹೀಗೇ ಸಿಟ್ಟು ಬಂದಿತ್ತು. ಉಣಕಲ್ಲಿನ ಮನೆ. ಅವಳು ಹಾಲಿನ ಪಾಕೀಟು ತರಲು ಕೆಳಗೆ ಇಳಿದಿದ್ದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಏನೂ ಹೇಳದೆ ಸ್ಟೂಲು ಬಿಟ್ಟು ಎದ್ದೆ. ಅವಳು ಕೂತಳು. ಅವ್ವನ ಕೈ ಇನ್ನೂ ಬೆಚ್ಚಗಿತ್ತು.

ಹೀಗೆ ಮನೆಯವರು ಐದು ನಿಮಿಷ ಹೊರಗೆ ಹೋದಾಗಲೇ ಹೋಗುವವರು ಬಹಳ ಮಂದಿ. ಸಿಸ್ಟರುಗಳೂ ಇದನ್ನೇ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಒಂದು ಮಾತ್ರ ಓದಿದ್ದೇನೆ. ಕೆನಡಾದಲ್ಲಿ ಹಾಸ್ಪೈಸ್ ರೋಗಿಗಳ ತಲೆಗೆ ತಂತಿ ಹಚ್ಚಿ ನೋಡಿ 2020ರಲ್ಲಿ ಬರೆದಿದ್ದಾರೆ. ಮಾತಿಗೆ ಓಗೊಡದ ಸ್ಥಿತಿಯಲ್ಲೂ ಕೆಲವರ ಮಿದುಳು ಸದ್ದಿಗೆ ಸ್ಪಂದಿಸುತ್ತಿತ್ತಂತೆ. ಹದಿನೆಂಟು ದಿನ ನೀವು ಏನೇನು ಮಾತಾಡಿದಿರೋ, ಅವರ ಕಿವಿಗೆ ಬಿದ್ದಿರಬಹುದು.

ಇನ್ನು ಅವಳು. ಅವಳನ್ನು ಹುಡುಕಿ. ಕೊನೆಯ ಆ ಐದು ನಿಮಿಷ ಅವಳ ಹತ್ತಿರ ಇದೆ. ಉಸಿರು ಹೇಗಿತ್ತು, ಕಣ್ಣು ತೆರೆದರಾ, ಏನಾದರೂ ಅಂದರಾ, ಅವಳೇ ಹೇಳಬೇಕು. ನಮ್ಮ ಮನೆಯವರು ಹೋದಾಗ ನಾನು ಕುಕ್ಕರ್ ಆರಿಸಲು ಅಡುಗೆಮನೆಗೆ ಹೋಗಿದ್ದೆ. ಮೂರನೇ ಸೀಟಿ ಆಗಿತ್ತು. ಅವರ ಪಕ್ಕ ಯಾರೂ ಇರಲಿಲ್ಲ, ಹಾಗಾಗಿ ಕೇಳಲು ನನಗೆ ಯಾರೂ ಇಲ್ಲ. ನಿಮಗೆ ಅವಳಿದ್ದಾಳೆ. ಯಾವ ಊರಿನವಳು ಅಂತ ಆ ವಾರ್ಡಿನ ಆಯಾಗೆ ಗೊತ್ತಿರಬಹುದು. ಸೋಮವಾರವೇ ಹೋಗಿ ಕೇಳಿ.